ಹದಿನೇಳು ದಿನ ಹುಡುಕಿದ ಚಾಕು

ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ನಮ್ಮನೆಯವರು ನನಗೆ ತುಂಬ ಯೋಚನೆ ಮಾಡಿ ಕೊಡಿಸಿದ ವಸ್ತು ಅಂದರೆ ಒಂದು ಮಡಚುವ ಚಾಕು. ಸೀರೆಗೆ ಹತ್ತು ನಿಮಿಷ ಕೊಡುತ್ತಿದ್ದರು. "ಯಾವ್ದೋ ಒಂದು ತಗೊಂಡ್ ಬಾ, ಗಾಡಿ ನೋ ಪಾರ್ಕಿಂಗ್‌ನಲ್ಲಿದೆ" ಅನ್ನುವುದು ರೂಢಿ. ಫ್ರಿಜ್ಜಿಗೆ ಅರ್ಧ ದಿನ. ಈ ಚಾಕುವಿಗೆ ಹದಿನೇಳು ದಿನ ಹಿಡಿಯಿತು. ಆ ಹದಿನೇಳು ದಿನ ನಾನು ಎಷ್ಟು ಖುಷಿಯಾಗಿದ್ದೆ ಅಂತ ನೆನೆಸಿಕೊಂಡರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ನನ್ನ ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಒಂದು ಲ್ಯಾಬಿನ ಪರವಾಗಿ ಮನೆಮನೆಗೆ ಹೋಗಿ ರಕ್ತ ತೆಗೆದು ತರುವವಳು ನಾನು. ಮನೆ ವಸಂತಪುರದಲ್ಲಿ. ಬೆಳಿಗ್ಗೆ ಐದೂವರೆಗೆ ಸ್ಕೂಟರ್ ತೆಗೆದರೆ ಜೆ.ಪಿ. ನಗರ, ಜಯನಗರ ಸುತ್ತಿ ಒಂಬತ್ತರೊಳಗೆ ಸ್ಯಾಂಪಲ್ಲುಗಳನ್ನು ಲ್ಯಾಬಿಗೆ ಮುಟ್ಟಿಸಬೇಕು. ಶುಗರ್ ಟೆಸ್ಟಿಗೆ ಹೊಟ್ಟೆ ಖಾಲಿ ಇರಬೇಕು, ಜಯನಗರದ ರಿಟೈರ್ಡ್ ಜನಕ್ಕೆ ಆರೂವರೆ ದಾಟಿದರೂ ಕಾಫಿ ಸಿಗದಿದ್ದರೆ ಸಿಟ್ಟು ನೆತ್ತಿಗೇರುತ್ತದೆ. ಸೂಜಿ ಹೊರಗೆ ಎಳೆಯುವ ಮೊದಲೇ "ಈಗ ಕುಡೀಬಹುದೇನಮ್ಮಾ?" ಅನ್ನುತ್ತಾರೆ. ಹರಿತವಾದದ್ದಕ್ಕೆ ಹೆದರುವವಳಲ್ಲ ನಾನು. ದಿನಕ್ಕೆ ಹದಿನೈದು ಜನರನ್ನು ಚುಚ್ಚಿ, ಅವರ ಬಾಯಲ್ಲೇ ಥ್ಯಾಂಕ್ಸ್ ಹೇಳಿಸಿಕೊಂಡು ಬರುತ್ತೇನೆ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಕಪ್ಪು ಬೈಕು ನನ್ನ ಹಿಂದೆ ಬಿತ್ತು. ನಮ್ಮ ಮನೆಯಿಂದ ಕನಕಪುರ ರಸ್ತೆಗೆ ಸೇರುವ ಮೊದಲು ಒಂದು ತುಂಡು ದಾರಿಯಲ್ಲಿ ಬೀದಿದೀಪ ಉರಿಯುವುದಿಲ್ಲ. ಅಲ್ಲಿ ಕಾಯುತ್ತಿದ್ದ. ಗಾಜು ಪೂರ್ತಿ ಇಳಿಸಿದ ಹೆಲ್ಮೆಟ್ಟು, ಅದರ ಹಿಂದೆ ಕೆಂಪು ರೇಡಿಯಂ ಪಟ್ಟಿ. ಮೊದಲು ಹಿಂದೆ ಬರುತ್ತಿದ್ದ, ಆಮೇಲೆ ಪಕ್ಕಕ್ಕೆ ಬರತೊಡಗಿದ, ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಒಂದು ದಿನ ಹಂಪ್ ಹತ್ತಿರ ನಾನು ನಿಧಾನ ಮಾಡಿದಾಗ ಸೊಂಟಕ್ಕೆ ಕೈ ಹಾಕಿದ. ಸ್ಕೂಟರ್ ವಾಲಿ ಸ್ಯಾಂಪಲ್ ಡಬ್ಬಿ ರಸ್ತೆಗೆ ಬಿತ್ತು. ಅವನು ಹೋಗುವಾಗ ನಂಬರ್ ನೋಡಿಕೊಂಡೆ, ದಾರಿಯುದ್ದಕ್ಕೂ ಅದನ್ನು ಬಾಯಿಪಾಠ ಮಾಡುತ್ತಾ ಹೋದೆ.

ಅವತ್ತು ಸಂಜೆ ನಮ್ಮನೆಯವರಿಗೆ ಎಲ್ಲ ಹೇಳಿದೆ. ಅವರು ಒಂದು ಫ್ಯಾಕ್ಟರಿಯಲ್ಲಿ ಮೇಂಟೆನೆನ್ಸ್ ಸೂಪರ್‌ವೈಸರು, ಕಡಿಮೆ ಮಾತಿನ ಮನುಷ್ಯ. ನಾನು ಹೇಳಿದ ನಂಬರನ್ನು ಕರೆಂಟ್ ಬಿಲ್ಲಿನ ಹಿಂದೆ ಬರೆದುಕೊಂಡು ತುಂಬ ಹೊತ್ತು ಅದನ್ನೇ ನೋಡುತ್ತಾ ಕೂತರು. ಸಿಟ್ಟು ಬಂದಿದೆ ಅಂದುಕೊಂಡೆ.

"ಸ್ಟೇಷನ್‌ಗೆ ಹೋಗೋಣ ನಡೀರಿ" ಅಂದೆ.

"ಸ್ವಲ್ಪ ತಡಿ. ಕಂಪ್ಲೇಂಟ್ ಅಂದ್ರೆ ದಿನಾ ಅಲೆದಾಡಿಸ್ತಾರೆ. ಲ್ಯಾಬ್‌ನೋರು ಇವಳದ್ಯಾಕೋ ರಗಳೆ ಅಂತ ನಿನ್ನ ರೂಟೇ ಕಿತ್ಕೊಂಡ್ರೆ? ನಿನ್ನ ಸೇಫ್ಟಿಗೆ ಏನ್ ಬೇಕೋ ನಾನು ಮಾಡ್ತೀನಿ."

ನಾನು ನಂಬಿದೆ. ಗಂಡನಾದವನು ಅಷ್ಟು ಹೇಳಿದರೆ ನಂಬದೆ ಏನು ಮಾಡುವುದು?

ಮಾರನೇ ದಿನದಿಂದ ಅವರ ಫೋನಿನಲ್ಲಿ ಚಾಕುವಿನ ವೀಡಿಯೋಗಳು ಶುರುವಾದವು. ಊಟ ಮಾಡುವಾಗಲೂ ಚಾಕು. ಅಲಗು ತೋರುಬೆರಳಿಗಿಂತ ಉದ್ದ ಬೇಡ, ಜೇಬಿನಲ್ಲಿ ತೊಡಕಾಗುತ್ತದೆ. ಬೆರಳಿಗೆ ಸಿಗುವ ಒಂದು ಗುಬಟು ಇರಬೇಕು, ಒಂದೇ ಕೈಯಲ್ಲಿ ಬಿಚ್ಚಲು. ಬಿಚ್ಚಿದ ಮೇಲೆ ಒಳಗಿನ ತಗಡು ಅಡ್ಡ ಬಂದು ಅಲಗನ್ನು ಹಿಡಿಯಬೇಕು, ಇಲ್ಲದಿದ್ದರೆ ಚುಚ್ಚುವಾಗ ಮಡಚಿಕೊಂಡು ನಮ್ಮ ಬೆರಳನ್ನೇ ತೆಗೆಯುತ್ತದೆ. ಇದೆಲ್ಲ ಅವರು ನನಗೆ ಕಲಿಸಿದ್ದು. ನನಗೆ ಗೊತ್ತಿದ್ದದ್ದು ನಮ್ಮಮ್ಮನ ಈಳಿಗೆಮಣೆ. ಅದರಲ್ಲಿ ಕತ್ತಿ ಸುಮ್ಮನೆ ಕೂತಿರುತ್ತದೆ, ಬದನೆಕಾಯಿ ತಾನೇ ಹೋಗಿ ಕುಯ್ಯಿಸಿಕೊಂಡು ಬರುತ್ತದೆ. ಹಾಗಂದಾಗ ನಕ್ಕು, "ಅವನೇನು ಬದನೆಕಾಯಿ ಅಲ್ಲ ಕಣೇ" ಅಂದರು.

ಹದಿನೇಳನೇ ದಿನ, ಶನಿವಾರ, ಜಯನಗರ ಫೋರ್ತ್ ಬ್ಲಾಕಿನ ಒಂದು ಹಳೇ ಅಂಗಡಿಗೆ ಹೋದೆವು. ಕತ್ತರಿ, ಬೀಗ, ಟಾರ್ಚು ಮಾರುವ ಅಂಗಡಿ. ಗಲ್ಲಾದಲ್ಲಿದ್ದ ವಯಸ್ಸಾದವರು ಪೇಪರ್ ಹಾಸಿ ಮೂರು ಚಾಕು ಇಟ್ಟರು. ಒಂದು ಕಲ್ಲಿನಷ್ಟು ಭಾರ. ಇನ್ನೊಂದು ನೋಡಲು ಸಖತ್ತಾಗಿತ್ತು, ಆದರೆ ಅದರ ಹಿಡಿ ನುಣುಪು. ನಾನು ಬ್ಯಾಗಿನಿಂದ ರಬ್ಬರ್ ಗ್ಲೌಸ್ ತೆಗೆದು ಹಾಕಿಕೊಂಡು ನೋಡಿದೆ, ಜಾರಿತು. ಮೂರನೆಯದು ಸಣ್ಣದು, ಬೂದು ಬಣ್ಣದ್ದು, ಹಿಡಿಯ ಮೇಲೆ ಗೀರುಗೀರು. ಹೆಬ್ಬೆರಳಿಗೆ ಟಕ್ ಅಂತ ಬಿಚ್ಚಿಕೊಂಡಿತು. ಹಿಂದಿರುವ ಕ್ಲಿಪ್ಪನ್ನು ಕುರ್ತಾ ಜೇಬಿಗೆ ಸಿಕ್ಕಿಸಿದರೆ ಇರುವುದೇ ಗೊತ್ತಾಗುವುದಿಲ್ಲ.

"ಹಣ್ಣು ಹೆಚ್ಚೋಕೆ, ಪಾರ್ಸೆಲ್ ಕುಯ್ಯೋಕೆ ಇದು ಒಳ್ಳೇದು ಮೇಡಂ" ಅಂದರು ಅಂಗಡಿಯವರು. "ಬೇರೆ ಯಾವ್ದಕ್ಕಾದ್ರೂ ಅಂದ್ರೆ, ಚಾಕು ಕೆಲ್ಸ ಮಾಡೋದು ಅವನು ಕೈಗೆ ಸಿಗೋಷ್ಟು ಹತ್ರ ಬಂದ್ಮೇಲೆ. ಕಿತ್ಕೊಂಡ್ರೆ ಅದು ಅವನ ಚಾಕು." ಆಮೇಲೆ ನಮ್ಮನೆಯವರ ಕಡೆ ತಿರುಗಿ, "ಸಾರ್, ಯಾರಾದ್ರೂ ತೊಂದ್ರೆ ಕೊಡ್ತಿದ್ರೆ ನೀವೇ ನಾಲ್ಕು ದಿನ ಹಿಂದೆ ಹಿಂದೆ ಹೋಗಿ. ಜೊತೇಲಿ ಜನ ಇದಾರೆ ಅಂತ ಗೊತ್ತಾದ್ರೆ ಇಂಥೋರು ಬಾಲ ಮುದುರ್ಕೊತಾರೆ."

"ನಂಗೆ ಫಸ್ಟ್ ಶಿಫ್ಟು" ಅಂದರು ಇವರು.

ನನಗೆ ಅಂಗಡಿಯವರ ಮೇಲೆ ಕೋಪ ಬಂತು. ನನ್ನ ಗಂಡ ಹದಿನೇಳು ದಿನದಿಂದ ನಿದ್ದೆಗೆಟ್ಟು ಓದಿದ್ದಾರೆ, ಇವರ್ಯಾರು ಬುದ್ಧಿ ಹೇಳುವುದಕ್ಕೆ? "ನೀವು ಬಿಲ್ ಹಾಕಿ ಅಂಕಲ್" ಅಂತ ಗಡುಸಾಗಿಯೇ ಹೇಳಿದೆ. ಆ ಹಿರಿಯರಿಗೆ ನಾನು ಒಂದು ಕ್ಷಮಾಪಣೆ ಬಾಕಿ ಇಟ್ಟುಕೊಂಡಿದ್ದೇನೆ.

ಭಾನುವಾರ ಹಾಲಿನಲ್ಲಿ ಸೋಫಾ ಸರಿಸಿ ಅಭ್ಯಾಸ. ಅವರೇ ಹೆಲ್ಮೆಟ್ ಹಾಕಿಕೊಂಡು ಪಕ್ಕದಿಂದ ಬಂದು ಕೈ ಹಿಡಿಯುವುದು, ನಾನು ಜೇಬಿನಿಂದ ಚಾಕು ತೆಗೆಯುವುದು. "ಮೊಣಕೈ ಒಳಗಿರ್ಲಿ. ತೋರ್ಸು ಅಷ್ಟೆ, ಬೀಸಬೇಡ. ಹೆದ್ರಿಸೋದಷ್ಟೆ." ನನ್ನ ಮಣಿಕಟ್ಟು ಹಿಡಿದು ತಿರುಗಿಸಿ ತೋರಿಸಿದರು. ಅವರು ನನ್ನ ಕೈ ಹಿಡಿದು ಏನನ್ನಾದರೂ ಕಲಿಸಿದ್ದು ಅದೇ ಮೊದಲು. ನಲವತ್ತೈದರ ಹೆಂಗಸು ನಾನು, ಅವತ್ತು ನಾಚಿಕೊಂಡೆ. ಮಧ್ಯಾಹ್ನ ಅವರಿಗೆ ಇಷ್ಟ ಅಂತ ಅಕ್ಕಿ ರೊಟ್ಟಿ, ಎಣ್ಣೆಗಾಯಿ ಮಾಡಿದೆ.

ಚಾಕು ಬಂದ ಎರಡನೇ ವಾರ ಆ ಬೈಕು ಮತ್ತೆ ಪಕ್ಕಕ್ಕೆ ಬಂತು. ಈ ಸಲ ನಾನೇ ಸ್ಕೂಟರ್ ನಿಲ್ಲಿಸಿದೆ. ಜೇಬಿಗೆ ಕೈ ಹೋಯಿತು, ಅಲಗು ಹೊರಗೆ ಬಂತು. ಅವನು ಕೈ ಚಾಚಿದವನು ಸರ್ರನೆ ಹಿಂದೆಗೆದು ಹೋಗಿಬಿಟ್ಟ. ನಾನು ಗೆದ್ದೆ. ಆದರೆ ಮೊದಲ ಮನೆಯಲ್ಲಿ ಒಬ್ಬ ಅಜ್ಜಿಗೆ ಮೂರು ಸಲ ಚುಚ್ಚಿದರೂ ನರ ಸಿಗಲಿಲ್ಲ. ಇಷ್ಟು ವರ್ಷದ ಸರ್ವೀಸಿನಲ್ಲಿ ಹಾಗಾಗಿರಲಿಲ್ಲ. ಅಜ್ಜಿ ತಾವೇ ನನಗೆ ನೀರು ತಂದುಕೊಟ್ಟರು.

ಸಂಜೆ ನಮ್ಮನೆಯವರಿಗೆ ಹೆಮ್ಮೆಯಿಂದ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು. "ತಗುಲ್ತಾ ಅವನಿಗೆ?" ಅಂದರು. ಇಲ್ಲ ಅಂದೆ. "ನಿಜವಾಗ್ಲೂ ತಗುಲ್ಲಿಲ್ಲ ತಾನೆ?" ಅಂತ ಇನ್ನೊಂದು ಸಲ ಕೇಳಿ, ಉಸಿರು ಬಿಟ್ಟು ಟಿವಿ ಹಾಕಿಕೊಂಡರು. ನಾನೆಲ್ಲಿ ಪೊಲೀಸು ಕೇಸು ಅಂತ ಸಿಕ್ಕಿಹಾಕಿಕೊಳ್ಳುತ್ತೇನೋ ಅನ್ನುವ ಆತಂಕ ಅವರಿಗೆ ಅಂದುಕೊಂಡೆ.

ಅದಾಗಿ ತಿಂಗಳಿಗೆ ಅರೆಕೆರೆಯಲ್ಲಿರುವ ನಾದಿನಿ ಮನೆಯಲ್ಲಿ ಊಟ. ನಮ್ಮನೆಯವರಿಗೆ ಅವಳೊಬ್ಬಳೇ ತಂಗಿ. ಅವಳ ಮಾವನಿಗೆ ಎಂಬತ್ತು ತುಂಬಿತ್ತು, ಮನೆ ಮುಂದೆ ಶಾಮಿಯಾನ ಹಾಕಿದ್ದರು. ಗೇಟಿನ ಪಕ್ಕ ಸಾಲಾಗಿ ಗಾಡಿಗಳು. ಅದರಲ್ಲಿ ಒಂದು ಕಪ್ಪು ಬೈಕು, ಕನ್ನಡಿಗೆ ನೇತುಹಾಕಿದ ಹೆಲ್ಮೆಟ್ಟು, ಹೆಲ್ಮೆಟ್ಟಿನ ಮೇಲೆ ಕೆಂಪು ಪಟ್ಟಿ. ನಂಬರ್ ನೋಡಿದೆ. ಅದೇ. ಬಾಯಿಪಾಠ ಮಾಡಿದ್ದೆನಲ್ಲ, ತಪ್ಪುವ ಹಾಗಿರಲಿಲ್ಲ.

"ರೀ, ಇದೇ ಗಾಡಿ! ಅವನು ಇಲ್ಲೇ ಇದಾನೆ ರೀ!" ಅಂತ ಅವರ ತೋಳು ಹಿಡಿದೆ.

ಅವರು ಗಾಡಿಯ ಕಡೆ ತಿರುಗಿಯೂ ನೋಡಲಿಲ್ಲ. "ಮೆಲ್ಲಗೆ ಮಾತಾಡು" ಅಂದರು.

ಅಷ್ಟೇ ಸಾಕಾಯಿತು. "ನಿಮಗೆ ಗೊತ್ತಿತ್ತಾ?" ಅಂದೆ.

"ನನ್ನ ತಂಗಿ ಮೈದುನಂದು ಕಣೇ. ಹುಬ್ಬಳ್ಳಿಯಿಂದ ಟ್ರಾನ್ಸ್‌ಫರ್ ಆಗಿ ಬಂದಿದಾನಲ್ಲ, ಅವನು. ಗಾಡಿ ಪೂಜೆಗೆ ನಾನೇ ಬಂದಿದ್ದೆ. ನೀನು ನಂಬರ್ ಹೇಳ್ದಾಗ್ಲೇ ಗೊತ್ತಾಯ್ತು." ಸುತ್ತ ನೋಡಿ ಇನ್ನೂ ದನಿ ತಗ್ಗಿಸಿದರು. "ಏನ್ ಮಾಡ್ಲಿ ಹೇಳು? ನಾನು ಬಾಯಿ ಬಿಟ್ರೆ ತಂಗಿ ಸಂಸಾರ ಏನಾಗುತ್ತೆ? ಅದಕ್ಕೇ ಅಲ್ವಾ ನಿಂಗೆ ಚಾಕು ಕೊಡ್ಸಿದ್ದು?"

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅಂತಾರೆ. ನಮ್ಮನೆಯವರಿಗೆ ಹಾವೂ ಸಾಯಬಾರದಿತ್ತು. ನಾನು ದಿನಾ ಬೆಳಿಗ್ಗೆ ಒಬ್ಬಳೇ ಅದನ್ನು ಹೆದರಿಸಿಕೊಂಡು ಓಡಾಡಬೇಕಿತ್ತು, ಅವರು ಮನೆಯಲ್ಲಿ ಒಳ್ಳೇ ಅಣ್ಣನಾಗಿ, ಒಳ್ಳೇ ಗಂಡನಾಗಿ ಉಳಿಯಬೇಕಿತ್ತು. ನಾನು ಆ ಚಾಕು ಬೀಸಿಬಿಟ್ಟಿದ್ದರೆ? ರಕ್ತ ನನ್ನ ಕೈಗೆ, ಕೇಸು ನನ್ನ ತಲೆಗೆ. ಅವತ್ತು "ತಗುಲ್ತಾ" ಅಂತ ಎರಡೆರಡು ಸಲ ಕೇಳಿದ್ದು ಯಾರ ಮೇಲಿನ ಅಕ್ಕರೆಗೆ ಅಂತ ಗೇಟಿನಲ್ಲಿ ನಿಂತಾಗ ಅರ್ಥವಾಯಿತು. ಆ ಬೈಕಿನವನು ಮಾಡಿದ್ದಕ್ಕೆ ಅಸಹ್ಯವಾಗಿತ್ತು ನಿಜ, ಆದರೆ ಹೊಟ್ಟೆಯೊಳಗೆ ಬೆಂಕಿ ಬಿದ್ದದ್ದು ಇದಕ್ಕೆ. ಒಂದು ಮಾತು ಆಡಬೇಕಾದ ಕಡೆ ಅವರು ಹದಿನೇಳು ದಿನ ಚಾಕು ಹುಡುಕಿದ್ದರು, ನಾನು ಅದನ್ನು ಪ್ರೀತಿ ಅಂದುಕೊಂಡು ರೊಟ್ಟಿ ತಟ್ಟಿದ್ದೆ.

"ಜನ ನೋಡ್ತಿದಾರೆ, ಬಾ ಊಟಕ್ಕೆ" ಅಂದರು. ಹೋಗಿ ಕೂತೆ, ಕಾಲು ತಾನಾಗಿಯೇ ನಡೆಯಿತು. ಎಲೆಗೆ ಕೋಸಂಬರಿ ಬಂತು, ಪಲ್ಯ ಬಂತು. ಪಾಯಸದ ಬಕೆಟ್ಟು ಹಿಡಿದು ಆ ಮೈದುನನೇ ನನ್ನ ಮುಂದೆ ಬಗ್ಗಿದ. ಹಣೆಯ ಮೇಲೆ ವಿಭೂತಿ, ಹೊಸ ಪಂಚೆ.

"ಸಂಕೋಚ ಮಾಡ್ಕೋಬೇಡಿ ಅಕ್ಕಾ, ಇನ್ನೊಂದು ಸ್ವಲ್ಪ."

ಎಂಜಲು ಕೈಯಲ್ಲೇ ಎಲೆ ಬಿಟ್ಟು ಎದ್ದೆ. ಪಂಕ್ತಿಯ ನಡುವೆ ಎದ್ದು ಹೋಗುವುದು ಎಂಥ ಅವಮರ್ಯಾದೆ ಅಂತ ಗೊತ್ತಿದ್ದೇ ಎದ್ದೆ. ಅಡುಗೆಮನೆಯಲ್ಲಿ ನಾದಿನಿ ಹಪ್ಪಳ ಕರಿಯುತ್ತಿದ್ದಳು. ಅವಳ ಸಂಸಾರ ಒಡೆದರೆ ಒಡೆಯಲಿ ಅನ್ನುವಷ್ಟು ಕೆಟ್ಟವಳಾಗಿದ್ದೆ ನಾನು ಆ ಕ್ಷಣ. ಬೈಕು, ಹೆಲ್ಮೆಟ್ಟು, ಹಂಪು, ಸೊಂಟ, ಎಲ್ಲ ಹೇಳಿದೆ. ಯಾರು ಅಂತ ಅವಳು ಕೇಳಲಿಲ್ಲ. ಒಲೆ ಆರಿಸಿದಳು.

"ಅಣ್ಣಂಗೆ ಹೇಳಿದ್ರಾ ಅತ್ತಿಗೆ?"

"ಹೇಳ್ದೆ. ಚಾಕು ಕೊಡ್ಸಿದ್ರು."

ಅವಳು ನನ್ನ ಎಂಜಲು ಕೈಯನ್ನೇ ಹಿಡಿದು ತನ್ನ ರೂಮಿಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು. ಬಾಗಿಲಿನ ಒಳಗೆ, ಮೇಲೊಂದು ಕೆಳಗೊಂದು, ದಪ್ಪ ಸ್ಟೀಲಿನ ಚಿಲಕ. ಎರಡನ್ನೂ ಹಾಕಿದಳು.

"ನಂಗೆ ಇದು" ಅಂದಳು. "ಮೈದುನ ಈ ಮನೆಗೆ ಬಂದ ಎರಡನೇ ತಿಂಗಳಿಗೇ ಅಣ್ಣಂಗೆ ಹೇಳಿದ್ದೆ. ಭಾನುವಾರ ಡ್ರಿಲ್ ತಂದು ಅಣ್ಣನೇ ಕೂತು ಹಾಕ್ಕೊಟ್ಟ. ನಮ್ಮ ಯಜಮಾನ್ರಿಗೆ ಹೇಳ್ಬೇಡ, ಅಣ್ಣತಮ್ಮಂದಿರು ಬೇರೆಯಾಗ್ತಾರೆ, ಕೆಟ್ಟ ಹೆಸರು ನಿಂಗೇ ಬರುತ್ತೆ ಅಂದ. ಅತ್ತಿಗೆಗೂ ಹೇಳ್ಬೇಡ ಅಂದ."

ಆ ಭಾನುವಾರ ನನಗೆ ನೆನಪಿತ್ತು. ತಂಗಿ ಮನೆಯಲ್ಲಿ ಸಣ್ಣ ರಿಪೇರಿ ಅಂತ ಹೊರಟವರ ಕೈಗೆ ನಾನೇ ಇವಳಿಗೆಂದು ಚಟ್ನಿಪುಡಿ ಕಟ್ಟಿಕೊಟ್ಟಿದ್ದೆ. ಅದು ನನ್ನ ಹಿಂದೆ ಬೈಕು ಬೀಳುವುದಕ್ಕೂ ಎಷ್ಟೋ ಮೊದಲು. ಅವನು ಎಂಥವನು ಅಂತ ಅವರಿಗೆ ಆಗಲೇ ಗೊತ್ತಿತ್ತು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ನಮ್ಮನೆಯವರ ದನಿ. "ಇಬ್ರೂ ಒಳಗೇನ್ ಮಾಡ್ತಿದೀರಾ? ಎಲ್ರೂ ಕೇಳ್ತಿದಾರೆ. ಬಾಗ್ಲು ತೆಗೀರಿ."

ನಾವು ತೆಗೆಯಲಿಲ್ಲ. ನಾದಿನಿ ತನ್ನ ಮಗಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಮಂಚದ ಮೇಲೆ ಕೂತಳು. ಸ್ಟೇಷನ್ನಿಗೆ ಕೊಡುವ ಕಾಗದ ಹೇಗೆ ಬರೆಯಬೇಕು ಅಂತ ಇಬ್ಬರಿಗೂ ಸರಿಯಾಗಿ ಗೊತ್ತಿರಲಿಲ್ಲ. ಮೊದಲ ಸಾಲಿನಲ್ಲಿ ತನ್ನ ಮೈದುನನ ಹೆಸರು ಬರೆದಳು, ಗಾಡಿ ನಂಬರ್ ನಾನು ಹೇಳಿದೆ. ಆಮೇಲೆ ಪೆನ್ನು ನಿಲ್ಲಿಸಿದಳು. ಹೊರಗೆ ಬಾಗಿಲು ಬಡಿಯುತ್ತಲೇ ಇತ್ತು.

"ಗೊತ್ತಿದ್ದೂ ಸುಮ್ನಿದ್ದೋರು ಅಂತ ಅಣ್ಣನ ಹೆಸರೂ ಬರೀಲಾ ಅತ್ತಿಗೆ?"

"ಬರಿ" ಅಂದೆ.