ಇಂದ್ರಾಬಾಯಿಯ ಎಂಟಡಿ ದಾರಿ

ಮಸೂತಿ ಊರಿನ ಇಂದ್ರಾಬಾಯಿಗೆ ತನ್ನ ವಯಸ್ಸು ಗೊತ್ತಿಲ್ಲ, ತನ್ನ ನೂರಾಹತ್ತು ಕುರಿಗಳದ್ದು ಗೊತ್ತು. ಲಗ್ನವಾಗಿ ಬಂದ ಮರುವಾರವೇ ಮಾವ ಕೈಗೆ ಕೋಲು ಕೊಟ್ಟಿದ್ದ. ಅದನ್ನು ಕೆಳಗಿಟ್ಟಿದ್ದು ಮೂರು ಹೆರಿಗೆಗೆ ಮಾತ್ರ. ಎರಡನೆಯದಂತೂ ಅಡವಿಯಲ್ಲೇ ಆಯಿತು. ಕೂಸನ್ನೂ ಅದೇ ದಿನ ಹುಟ್ಟಿದ ಕುರಿಮರಿಯನ್ನೂ ಒಂದೇ ಕಂಬಳಿಯಲ್ಲಿ ಸುತ್ತಿಕೊಂಡು ಮನೆಗೆ ಬಂದವಳು ಆಕೆ.

ಹೋದ ವರ್ಷ ಅರಣ್ಯ ಇಲಾಖೆಯವರು ಕೆರೆದಂಡೆಗುಂಟ ಹೊಂಗೆ ಸಸಿ ನೆಟ್ಟು, ಕುರಿ ಬಾರದಂತೆ ಒಂದಾಳುದ್ದ ಆಳದ ಕಂದಕ ತೋಡಿದರು. ಕೆರೆಗೆ ಇಳಿಯುವ ಕುರಿದಾರಿ ಹೋಯಿತು. ಸುತ್ತು ಹಾಕಿದರೆ ಮೂರು ಮೈಲಿ. ಈ ಬೇಸಿಗೆಯಲ್ಲಿ ಆರು ಮರಿ ದಾರಿಯಲ್ಲೇ ಸತ್ತವು. ನಾಲ್ಕು ಅರ್ಜಿ ಕೊಟ್ಟಳು; ನಾಲ್ಕಕ್ಕೂ ಒಂದೇ ಉತ್ತರ, ಮಂತ್ರಿಗಳ ಅಪ್ಪಣೆ ಬೇಕು.

ಆ ಅರಣ್ಯ, ಪರಿಸರ ಮಂತ್ರಿಯೇ ಸಸಿ ನೆಡಲು ಊರಿಗೆ ಬಂದರು. ಭಾಷಣ ಮುಗಿಸಿ ಹೊರಟರೆ ಕೆರೆಯ ಪಕ್ಕದ ರಸ್ತೆ ತುಂಬ ಕುರಿ. ಕುರಿ ಓಡಿಸು ಎಂದು ಅಧಿಕಾರಿ ಪರಮಾನಂದ ಕೂಗಾಡಿದ. ಅವು ನೀರಿಗೆ ಹೊರಟವು, ಬೇರೆ ದಾರಿ ನೀವೇ ಉಳಿಸಿಲ್ಲ ಎಂದಳು ಇಂದ್ರಾಬಾಯಿ. ಮಂತ್ರಿ ಕಾರಿನಿಂದ ಇಳಿದು ಎಲ್ಲ ಕೇಳಿಸಿಕೊಂಡರು.

"ದಾರಿ ಬಿಟ್ರ ಗಿಡ ತಿಂದು ಹಾಕ್ತಾವಲ್ಲ ಯವ್ವಾ?"

"ಹೊಂಗಿಗೆ ಕುರಿ ಬಾಯಿ ಹಾಕಂಗಿಲ್ರಿ ಸಾಹೇಬ್ರ. ಇಷ್ಟು ಮಂದಿ ಸಾಲಿ ಕಲತೀರಿ, ಒಬ್ರಿಗೂ ಗೊತ್ತಿಲ್ಲೇನು?"

ಅಲ್ಲೇ ಇದ್ದ ಹೊಂಗೆಯ ಟೊಂಗೆ ಮುರಿದು ಮಂತ್ರಿಯ ಕೈಗೇ ಕೊಟ್ಟಳು. ಮಂತ್ರಿ ಅದನ್ನು ಮುಂದಿನ ಟಗರಿಗೆ ಹಿಡಿದರು. ಟಗರು ಮೂಸಿ, ಸೀನಿ, ಮುಖ ತಿರುಗಿಸಿ, ಅವರ ಕೊರಳಿನ ಹಾರಕ್ಕೆ ಬಾಯಿ ಹಾಕಿತು. ಮಂದಿ ಹೊಟ್ಟೆ ಹಿಡಿದು ನಕ್ಕರು. ಮಂತ್ರಿಯೂ ನಕ್ಕು, ನಾಲ್ಕು ದಿನದಲ್ಲಿ ದಾರಿ ಮಾಡಿಸುವುದಾಗಿ ಹೇಳಿ ಕಾರಿನ ಕಡೆ ತಿರುಗಿದರು.

ಇಂದ್ರಾಬಾಯಿ ಕದಲಲಿಲ್ಲ. ಗುಂಡಿ ತೋಡಲು ತರಿಸಿದ ಜೆಸಿಬಿ ಅಲ್ಲೇ ನಿಂತಿತ್ತು. ಅದರ ಕಡೆಗೆ ಕೋಲು ಚಾಚಿ, ಈಗಲೇ ಆಗಲಿ ಎಂದಳು.

ಬೆಂಗಳೂರಿನಿಂದ ಆದೇಶ ಬರಬೇಕು ಎಂದು ಪರಮಾನಂದ ರಾಗ ಎಳೆದ.

"ಬರ್ಲಿ ಬಿಡ್ರಿ. ಅಲ್ಲೀತನ ಕುರಿ ಇಲ್ಲೇ ನಿಂದರ್ತಾವು. ಸಾಹೇಬ್ರೂ ನಿಂದರ್ತಾರ."

ಮಂತ್ರಿಗೆ ಮುಂದೆ ಮುದ್ದೇಬಿಹಾಳದಲ್ಲಿ ಸಭೆಯಿತ್ತು. ಗಡಿಯಾರ ನೋಡಿಕೊಂಡರು, ಕುರಿಗಳನ್ನು ನೋಡಿದರು, ಪರಮಾನಂದನ ಹಾಳೆಯೊಂದರ ಮೇಲೆ ಎರಡು ಸಾಲು ಗೀಚಿ ಸಹಿ ಹಾಕಿದರು. ಜೆಸಿಬಿ ಗುಡುಗಿತು. ಅರ್ಧ ಗಂಟೆಯಲ್ಲಿ ಎಂಟಡಿ ಅಗಲದ ಮಣ್ಣಿನ ದಾರಿ ಕಂದಕದ ಮೇಲೆ ಬಿತ್ತು. ಟಗರು ಹೊರಟಿತು, ಹಿಂದೆ ಹಿಂಡು. ರಸ್ತೆ ಖಾಲಿ.

ಪತ್ರಿಕೆಯವರು ಫೋಟೋಕ್ಕೆ ಇಂದ್ರಾಬಾಯಿಯನ್ನು ಕರೆದರು. ಆಕೆ ಆಗಲೇ ಕೆರೆಯಲ್ಲಿ ಮೊಣಕಾಲುದ್ದ ಇಳಿದು, ಹಿಂದುಳಿದ ಮರಿಗಳ ಮೂತಿಯನ್ನು ನೀರಿಗೆ ಮುಟ್ಟಿಸುತ್ತಿದ್ದಳು.