ಅಂಗಿಯ ಒಳಗಿನ ಐದು ಹೊಲಿಗೆ

"ಒಂದು ಬೇಯಿಸಿದ ಮೊಟ್ಟೆ, ಅಷ್ಟೇ. ಅರ್ಧ ಮಾಡಿ ತಿನ್ನಬೇಕಿತ್ತು. ಕೈಯಲ್ಲಿ ಕೆಲಸ ಇತ್ತು, ಇಡೀದೇ ಬಾಯಿಗೆ ಹಾಕ್ಕೊಂಡೆ. ಅದು ಹೋಗಿ ಇಲ್ಲಿ ಕೂತ್ಕೊಳ್ತು. ಮೇಲಕ್ಕೂ ಬರಲ್ಲ, ಕೆಳಗೂ ಇಳಿಯಲ್ಲ. ಕೂಗೋಣ ಅಂದ್ರೆ ಉಸಿರೇ ಇಲ್ಲ, ಕೂಗೋದು ಎಲ್ಲಿಂದ? ಪಕ್ಕದ ಮನೆ ಟೀವಿ ಕೇಳಿಸ್ತಿತ್ತು, ಅದರಲ್ಲಿ ಯಾರೋ ಬಿದ್ದು ಬಿದ್ದು ನಗ್ತಿದ್ರು. ಮೇಜಿನ ಅಂಚಿಗೆ ಹೊಟ್ಟೆ ಕೊಟ್ಟು ಬಿದ್ದೆ. ಒಂದು ಸಲ, ಎರಡು ಸಲ. ಮೂರನೇ ಸಲಕ್ಕೆ ಅದು ಹಾರಿ ಹೋಗಿ ಗೋಡೆಗೆ ಬಡೀತು. ಆಮೇಲೆ ನೆಲದ ಮೇಲೆ ಕೂತು ಬಹಳ ಹೊತ್ತು ಅದನ್ನೇ ನೋಡ್ತಾ ಇದ್ದೆ. ಸಾಯ್ತೀನಿ ಅಂತ ಭಯ ಆಗಲಿಲ್ಲ. ಅಕ್ಕ ಇದ್ದಿದ್ರೆ ಬೆನ್ನಿಗೆ ಒಂದು ಗುದ್ದಿ, 'ಯಾರಾದ್ರೂ ಕಿತ್ಕೊಳ್ತಾರೇನೇ' ಅಂತ ಬೈದು ಮುಗಿಸಿರೋಳು. ಮನೇಲಿ ಬೆನ್ನಿಗೆ ಗುದ್ದೋಕೆ ಒಂದು ಕೈ ಇಲ್ವಲ್ಲ ಅನ್ನಿಸ್ತು. ಆವತ್ತಿಂದ ನುಂಗೋದು ಬಿಟ್ಟೆ. ತಿನ್ನೋದು ಬಿಡಲಿಲ್ಲ. ನುಂಗೋದು ಬಿಟ್ಟೆ."

ಹೀಗೆ ಹೇಳಿದವಳನ್ನು ಹೊಲಿಗೆ ಅಂಗಡಿಯಲ್ಲಿ ಎಲ್ಲರೂ ಗುಂಡಕ್ಕ ಎನ್ನುತ್ತಿದ್ದರು. ಹದಿನೆಂಟನೇ ವಯಸ್ಸಿಗೆ ಅಂಟಿದ ಹೆಸರು ನಲವತ್ತಾರಕ್ಕೂ ಬಿಟ್ಟಿರಲಿಲ್ಲ. ಅವಳಿಗೂ ಅದರಿಂದ ಬೇಸರವಿರಲಿಲ್ಲ. "ಇನ್ನೊಬ್ಬರ ಹೊಟ್ಟೆ ಹೊಡೆದು ಬಂದ ಮೈ ಅಲ್ಲ ಇದು, ನನ್ನ ಸ್ವಂತದ್ದು" ಎಂದು ತಾನೇ ನಗುತ್ತಿದ್ದಳು.

ಅಂಗಡಿಯಲ್ಲಿ ಹೊಲಿಯುತ್ತಿದ್ದುದು ಬರೀ ಸಮವಸ್ತ್ರ. ಶಾಲೆಯವರದು, ನರ್ಸುಗಳದು, ಕಾವಲಿನವರದು. ಯಜಮಾನ ಕತ್ತರಿಸಿ ಕೊಡುತ್ತಿದ್ದ, ಗುಂಡಕ್ಕ ಪಕ್ಕದ ಹೊಲಿಗೆ ಹಾಕುತ್ತಿದ್ದಳು, ಕಿಟಕಿಯ ಹತ್ತಿರ ಕೂತ ಅಜ್ಜಿ ಗುಂಡಿ ತೂರುವ ಕಾಜಾ ಹೆಣೆದು ಗುಂಡಿ ಹಚ್ಚುತ್ತಿದ್ದಳು. ಆ ಅಂಗಡಿಗೆ ಒಂದು ಪದ್ಧತಿಯಿತ್ತು. ಪಕ್ಕದಲ್ಲಿ ಎರಡು ಬೆರಳಗಲ ಬಟ್ಟೆ ಒಳಗೆ ಬಿಡಬೇಕು, ಏನೇ ಆದರೂ ಅದಕ್ಕೆ ಕತ್ತರಿ ಹಾಕಬಾರದು. ಮಕ್ಕಳು ಬೆಳೆಯುತ್ತಾರೆ, ದೊಡ್ಡವರು ಊದುತ್ತಾರೆ, ಬಿಚ್ಚಿ ಬಿಡಲು ಬಟ್ಟೆ ಇರಬೇಕು ಎಂದು ಯಜಮಾನ ಹೊಸಬರಿಗೆ ಮೊದಲ ದಿನವೇ ಹೇಳುತ್ತಿದ್ದ.

ಗುಂಡಕ್ಕ ಮತ್ತು ಅವಳ ಅಕ್ಕ ಇಪ್ಪತ್ತಾರು ವರ್ಷ ಒಂದೇ ಕೋಣೆಯಲ್ಲಿ ಇದ್ದವರು. ಮದುವೆಯ ಮಾತು ಇಬ್ಬರಿಗೂ ಬಂದು ಬಂದು, ಆಮೇಲೆ ಬರುವುದೇ ನಿಂತಿತ್ತು. ಹೀಗಿರುವಾಗ ಐವತ್ತೆರಡನೇ ವಯಸ್ಸಿನಲ್ಲಿ ಅಕ್ಕ, ತಾನು ದಿನಾ ಹೋಗಿಬರುತ್ತಿದ್ದ ಬಸ್ಸಿನ ಡ್ರೈವರನ್ನು ಮದುವೆಯಾಗುತ್ತೇನೆಂದಳು. ಹೆಂಡತಿ ತೀರಿಕೊಂಡವನು, ಒಳ್ಳೆಯ ಮನುಷ್ಯ. "ಇಷ್ಟು ವರ್ಷ ಟಿಕೆಟ್ ತಗೊಂಡೆ, ಈಗ ಪಾಸ್ ಮಾಡಿಸ್ಕೊಂಡೆ ಬಿಡು" ಎಂದು ಗುಂಡಕ್ಕ ಕಿಚಾಯಿಸಿದಳು, ಅಕ್ಕನ ಮದುವೆಯ ರವಿಕೆಯನ್ನು ತಾನೇ ಹೊಲಿದಳು. ಮದುವೆಯಾದ ಮೂರನೇ ತಿಂಗಳು ಭಾವನಿಗೆ ದೂರದ ಊರಿಗೆ ವರ್ಗವಾಯಿತು. ಅಕ್ಕ ಎರಡು ಪೆಟ್ಟಿಗೆ ಹಿಡಿದು ಹೋದಳು. ಕೋಣೆಯಲ್ಲಿ ಎರಡು ಮಂಚ ಉಳಿದವು, ಎರಡು ತಟ್ಟೆ ಉಳಿದವು.

ಅಕ್ಕ ದಿನಾ ಸಂಜೆ ಏಳಕ್ಕೆ ಫೋನ್ ಮಾಡುತ್ತಿದ್ದಳು.

"ಊಟ ಆಯ್ತಾ?"

"ಆಯ್ತು. ನಿಂದು?"

"ಆಗಬೇಕು. ಇವರು ಬರಲಿ."

ಮೊಟ್ಟೆ ಸಿಕ್ಕಿಕೊಂಡ ದಿನವೂ ಗುಂಡಕ್ಕ "ಆಯ್ತು" ಎಂದೇ ಅಂದಳು. ಇಲ್ಲವೆಂದರೆ ಅಕ್ಕ ಮರುದಿನ ಬೆಳಿಗ್ಗೆ ಪೆಟ್ಟಿಗೆ ಸಮೇತ ಬಾಗಿಲಲ್ಲಿ ನಿಲ್ಲುತ್ತಾಳೆಂದು ಅವಳಿಗೆ ಗೊತ್ತಿತ್ತು. ಅರ್ಧ ಆಯುಷ್ಯ ಕಳೆದ ಮೇಲೆ ಅಕ್ಕನಿಗೆ ಸಿಕ್ಕಿದ ಮನೆ ಅದು. ತನ್ನ ಗಂಟಲಿನ ದೆಸೆಯಿಂದ ಅದು ಒಡೆಯಬಾರದು ಎಂದು ಅವಳು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

ಮೊದಮೊದಲು ನೂರು ಸಲ ಅಗಿದು ಸ್ವಲ್ಪ ಸ್ವಲ್ಪವಾಗಿ ನುಂಗುತ್ತಿದ್ದಳು. ಆಮೇಲೆ ನೂರು ಸಲ ಅಗಿದ ಮೇಲೂ ಗಂಟಲು ಒಪ್ಪಲಿಲ್ಲ. ಅಂಗಡಿಯಿಂದ ತಂದ ಚೂರುಬಟ್ಟೆಯಲ್ಲಿ ಉಗಿದು, ಸುತ್ತಿ, ಕಸಕ್ಕೆ ಹಾಕತೊಡಗಿದಳು. ನೀರು, ಹಾಲು, ತಿಳಿಯಾದ ಗಂಜಿ ಮಾತ್ರ ಒಳಗೆ ಹೋಗುತ್ತಿದ್ದವು. ಎರಡು ತಿಂಗಳಾಗುವಷ್ಟರಲ್ಲಿ ಇದು ಬರೀ ಭಯವಾಗಿ ಉಳಿಯಲಿಲ್ಲ. ಖಾಲಿ ಹೊಟ್ಟೆಯಲ್ಲಿ ಒಂದು ನಿಶ್ಶಬ್ದವಿತ್ತು, ಅದು ಅವಳಿಗೆ ಹಿಡಿಸಿತು. ಯಾರೂ ಇಲ್ಲದ ಕೋಣೆಯಲ್ಲಿ ಅದೇ ಒಂದು ಜೊತೆಯಾದಂತೆ ಆಯಿತು. ಗಂಜಿ ಒಂದೇ ಲೋಟ, ಅದೂ ಕತ್ತಲಾಗುವ ಮೊದಲು ಎಂದು ತನಗೆ ತಾನೇ ಕಟ್ಟಳೆ ಹಾಕಿಕೊಂಡಳು. ಕಟ್ಟಳೆ ತಪ್ಪಿದ ದಿನ ಯಾರೋ ಬೈದ ಹಾಗೆ ಕುಗ್ಗಿ ಕೂರುತ್ತಿದ್ದಳು.

ಮೈ ಇಳಿಯಿತು. ಆದರೆ ಅವಳು ದರ್ಜಿಯಲ್ಲವೇ? ಅಂಗಿ ಜೋಲು ಬಿದ್ದದ್ದು ಕಂಡ ಕೂಡಲೇ ಭಾನುವಾರ ತಿರುವಿ ಹಾಕಿ, ಎರಡೂ ಪಕ್ಕ ಹಿಡಿದು, ಒಳಗಿನ ಬಟ್ಟೆಗೆ ಕತ್ತರಿ ಹಾಕದೆ, ಇನ್ನೊಂದು ಹೊಲಿಗೆ ಹಾಕಿಬಿಡುತ್ತಿದ್ದಳು. ಬಟ್ಟೆ ಸೊಗಸಾಗಿ ಕೂರದಿದ್ದರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ, ಅಷ್ಟೇ. ಮುಚ್ಚಿಡಬೇಕೆಂದು ಮಾಡಿದ್ದಲ್ಲ, ಆದರೂ ಎಲ್ಲ ಮುಚ್ಚಿಹೋಯಿತು. ಅಂಗಿ ಹ್ಯಾಂಗರಿಗೆ ತೂಗುಹಾಕಿದಂತೆ ನೇತಾಡಿದ್ದರೆ ಯಾರಾದರೂ ಏನಾಯಿತೆಂದು ಕೇಳುತ್ತಿದ್ದರು. ಅಳತೆಗೆ ಸರಿಯಾಗಿ ಕೂತ ಅಂಗಿ ನೋಡಿ "ಚೆನ್ನಾಗಿ ಕಾಣ್ತಿದ್ದೀಯ ಗುಂಡಕ್ಕ, ಏನು ಗುಟ್ಟು?" ಎಂದರು. ಕನ್ನಡಿಯಲ್ಲಿ ನೋಡಿಕೊಂಡು ಅವಳೂ, ಅಂಗಿ ಸರಿಯಾಗಿಯೇ ಇದೆ, ಹಾಗಾದರೆ ನಾನೂ ಸರಿಯಾಗಿಯೇ ಇದ್ದೇನೆ ಎಂದುಕೊಂಡಳು.

ತಲೆ ಸುತ್ತು ಹೆಚ್ಚಾಗಿ, ಬಾಚಣಿಗೆ ತುಂಬ ಕೂದಲು ಬರತೊಡಗಿದಾಗ ಹತ್ತಿರದ ಡಾಕ್ಟರ ಬಳಿ ಹೋದಳು. ಅವರು ಗಂಟಲಿಗೆ ಬ್ಯಾಟರಿ ಬಿಟ್ಟು ನೋಡಿದರು, ಏನೂ ಇರಲಿಲ್ಲ. ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಅರವತ್ತನಾಲ್ಕು.

"ಮೊದಲು ಎಷ್ಟಿತ್ತು?"

"ತೊಂಬತ್ತೆರಡು."

"ಭೇಷ್. ನಿಮ್ಮ ಎತ್ತರಕ್ಕೆ ಇದೇ ಸರಿಯಾದ ತೂಕ." ಡಾಕ್ಟರು ಗೋಡೆಯ ಪಟ್ಟಿ ತೋರಿಸಿದರು. "ದಪ್ಪ ಆಗ್ತೀನಿ ಅಂತ ಭಯ ಇದೆಯಾ?"

"ಇಲ್ಲ."

"ತಿಂದು ವಾಂತಿ ಮಾಡ್ತೀರಾ?"

"ಇಲ್ಲ. ನುಂಗೋದೇ ಇಲ್ವಲ್ಲ."

ಡಾಕ್ಟರು ಆ ಮಾತನ್ನು ಹಾಸ್ಯವೆಂದು ತಿಳಿದು ನಕ್ಕರು. ಟಾನಿಕ್ ಬರೆದುಕೊಟ್ಟು, "ಹೀಗೇ ಕಾಪಾಡ್ಕೊಳ್ಳಿ" ಎಂದರು. ಗುಂಡಕ್ಕ ಮನೆಗೆ ಬಂದು ಅಕ್ಕನ ಮಂಚದ ಮೇಲೆ ಕೂತಳು. ಕಾಯಿಲೆ ಇಲ್ಲವೆಂದ ಮೇಲೆ ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು ಎಂಬುದು ಅವಳಿಗೆ ತಿಳಿಯಲಿಲ್ಲ.

ಎಂಟನೇ ತಿಂಗಳಲ್ಲಿ ಒಂದು ಬೆಳಿಗ್ಗೆ, ನರ್ಸುಗಳ ಅಂಗಿ ಹೊಲಿಯುತ್ತ ಕೂತವಳು ಯಂತ್ರದ ಮೇಲೆಯೇ ಒರಗಿದಳು. ಕಾಲು ತುಳಿಯುವ ಸದ್ದು ನಿಂತದ್ದು ಕೇಳಿ ಕಾಜಾ ಅಜ್ಜಿ ತಲೆಯೆತ್ತಿದಳು. ಯಜಮಾನನನ್ನು ಹೊರಗೆ ಕಳಿಸಿ, ಗಾಳಿಯಾಡಲೆಂದು ಗುಂಡಕ್ಕನ ಅಂಗಿಯ ಪಕ್ಕದ ಗುಂಡಿಗಳನ್ನು ಬಿಚ್ಚಿದಳು. ಬಟ್ಟೆ ಒಳಗೆ ಮಡಚಿಕೊಂಡು ಗಟ್ಟಿಯಾಗಿ ಸಿಕ್ಕಿತು. ಅಜ್ಜಿಯ ಕಣ್ಣು ಮಂದ, ಬೆರಳು ಚುರುಕು. ಬೆರಳಾಡಿಸಿ ನೋಡಿದಳು.

ಗುಂಡಕ್ಕ ಕಣ್ಣು ಬಿಟ್ಟಾಗ ಅಜ್ಜಿ ಅಲ್ಲೇ ನೆಲದ ಮೇಲೆ ಕೂತಿದ್ದಳು.

"ಐದು ಹೊಲಿಗೆ ಇದೆ ಕಣೇ ಒಳಗೆ" ಎಂದಳು ಅಜ್ಜಿ. "ಒಂದರ ಪಕ್ಕ ಒಂದು. ಈ ಅಂಗಿ ನಿನಗೆ ಹೋದ ವರ್ಷ ನಾನೇ ಗುಂಡಿ ಹಚ್ಚಿಕೊಟ್ಟಿದ್ದು. ಎಲ್ಲಿ ಹೋಯ್ತು ಅಷ್ಟು ಮೈ?"

"ಇಳೀತು ಅಜ್ಜಿ."

"ಇಳೀತು ಅಂದ್ರೆ ಮಹಡಿಯಿಂದ ಇಳಿದುಹೋಯ್ತಾ? ನನಗೆ ಕಾಣಲ್ಲ ನಿಜ, ಪೆದ್ದಿ ಅಲ್ಲ. ಚೂರುಬಟ್ಟೆ ಚೀಲ ವಾರವಾರ ಖಾಲಿ ಆಗ್ತಿತ್ತು. ಗೊಂಬೆ ಮಾಡ್ತಾಳೇನೋ ಅಂತಿದ್ದೆ ನಾನು."

ಆಗ ಗುಂಡಕ್ಕ ಎಲ್ಲ ಹೇಳಿದಳು, ಮೊಟ್ಟೆಯಿಂದ ಮೊದಲುಮಾಡಿ. ಮುಗಿದ ಮೇಲೆ ಅಜ್ಜಿ ಸೂಜಿಯನ್ನು ಅದರ ಪುಟ್ಟ ದಿಂಬಿಗೆ ಚುಚ್ಚಿ, "ಏಳು, ಚಪ್ಪಲಿ ಹಾಕ್ಕೋ" ಎಂದಳು.

ದೊಡ್ಡ ಆಸ್ಪತ್ರೆಯಲ್ಲಿ ಇವರನ್ನು ಮನಸ್ಸಿನ ವಿಭಾಗಕ್ಕೆ ಕಳಿಸಿದರು. ಅಲ್ಲಿನ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮಾತಿಗಿಂತ ಕೇಳುವುದು ಹೆಚ್ಚು. ಗುಂಡಕ್ಕ ಮೊದಲೇ ಹೇಳಿಬಿಟ್ಟಳು: "ನನಗೆ ಕಾಯಿಲೆ ಇಲ್ವಂತೆ. ತೂಕ ಸರಿ ಇದೆಯಂತೆ. ಇವರು ಸುಮ್ಮನೆ ಎಳ್ಕೊಂಡು ಬಂದ್ರು."

ಅಜ್ಜಿ ಅವಳ ಅಂಗಿಯ ಪಕ್ಕವನ್ನು ತಿರುವಿ ಮೇಜಿನತ್ತ ಹಿಡಿದಳು. "ಎಣಿಸಿ ತಾಯಿ. ರೆಡಿಮೇಡ್ ಅಂಗಡೀಲಿರೋ ಯಾವ ಅಂಗೀನೂ ಅಳತೆಗೆ ಕೂರಲಿಲ್ಲ ಅಂದ್ರೆ, ಮನುಷ್ಯಂಗೆ ಮೈಯೇ ಇಲ್ಲ ಅಂತಾರಾ?"

ಡಾಕ್ಟರಮ್ಮ ಎಣಿಸಿದರು. ಯಾವ ಹೊಲಿಗೆ ಯಾವ ತಿಂಗಳದೆಂದು ಕೇಳಿ ಬರೆದುಕೊಂಡರು. ನಾಡಿ ನೋಡಿದರು. ಅದು ನಿದ್ದೆಯಲ್ಲಿರುವವರ ನಾಡಿಗಿಂತ ನಿಧಾನವಾಗಿತ್ತು.

"ಅಮ್ಮಾ, ಪಟ್ಟಿ ಇವತ್ತಿನ ತೂಕ ಮಾತ್ರ ನೋಡುತ್ತೆ" ಎಂದರು. "ಎಲ್ಲಿಂದ ಎಷ್ಟು ಬೇಗ ಇಳಿದ್ರಿ ಅಂತ ಅದಕ್ಕೆ ಗೊತ್ತಿಲ್ಲ. ನಿಮ್ಮ ಹೃದಯಕ್ಕೆ ಗೊತ್ತು. ನಿಮಗಿರೋದು ಅರ್ಧ ನುಂಗೋ ಭಯ, ಅರ್ಧ ಹಸಿವಿನ ಮೇಲೆ ಬಂದಿರೋ ಹಟ. ಪುಸ್ತಕದಲ್ಲಿ ಇವೆರಡಕ್ಕೂ ಬೇರೆ ಬೇರೆ ಪುಟ. ನೀವು ಎರಡರಲ್ಲೂ ಪೂರ್ತಿ ಕೂರಲ್ಲ. ಹಾಗೆ ಕೂರದೆ ಇರೋರು ಬಹಳ ಜನ ಇದ್ದಾರೆ. ಹೆಸರು ಸಿಗೋವರೆಗೂ ಕಾಯಬೇಕಿಲ್ಲ, ನಿಮ್ಮ ಅಳತೆಗೇ ನೋಡೋಣ."

ಎಂಟು ತಿಂಗಳಲ್ಲಿ ತನ್ನನ್ನು ನಂಬಿದ ಮಾತು ಅದೊಂದೇ. ಗುಂಡಕ್ಕ ಮುಖ ಆಚೆ ತಿರುಗಿಸಿ ಗೋಡೆಯ ಗಡಿಯಾರ ನೋಡಿದಳು.

ಒಂಬತ್ತು ದಿನ ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ಅಲ್ಲಿಂದಲೂ ಸಂಜೆ ಏಳರ ಫೋನಿಗೆ ಗುಂಡಕ್ಕ "ಆಯ್ತು" ಎಂದೇ ಅಂದಳು. ಬಹಳ ದಿನ ಉಪವಾಸವಿದ್ದ ಮೈಗೆ ಒಮ್ಮೆಲೇ ಊಟ ತುಂಬಿದರೆ ಅದೇ ಅಪಾಯವಂತೆ. ರಕ್ತ ಪರೀಕ್ಷೆ ಮಾಡುತ್ತ ಚಮಚದ ಲೆಕ್ಕದಲ್ಲಿ ಏರಿಸಿದರು. ಆಮೇಲೆ ಮನೆಗೆ ಕಳಿಸಿ, ವಾರಕ್ಕೊಮ್ಮೆ ಬರಹೇಳಿದರು. ಮೂರು ಊಟ, ನಡುವೆ ಎರಡು ಸಲ ಏನಾದರೂ ಸ್ವಲ್ಪ. ಮೊದಲು ಮೆತ್ತಗಿನದು, ಆಮೇಲೆ ಗಟ್ಟಿಯದು. ಇಪ್ಪತ್ತು ಸಲ ಅಗಿದರೆ ಸಾಕು, ಇಪ್ಪತ್ತೊಂದಕ್ಕೆ ನುಂಗಬೇಕು. ಚೂರುಬಟ್ಟೆ ಕೈಗೆ ಸಿಗುವಂತಿರಬಾರದು. ಎದುರಿಗೆ ಒಬ್ಬರು ಕೂತಿರಬೇಕು.

ಮಧ್ಯಾಹ್ನ ಕಾಜಾ ಅಜ್ಜಿ ಎದುರಿಗೆ ಕೂರುತ್ತಿದ್ದಳು. "ಹದಿನೆಂಟು, ಹತ್ತೊಂಬತ್ತು... ಏನು ಹಸು ಮೆಲುಕು ಹಾಕ್ದಂಗೆ ಹಾಕ್ತೀಯೇ, ಇಳಿಸು" ಎನ್ನುತ್ತಿದ್ದಳು. ಗುಂಡಕ್ಕ ಬೆವರುತ್ತ, ಕುತ್ತಿಗೆ ಹಿಡಿದುಕೊಂಡು ನುಂಗುತ್ತಿದ್ದಳು. ಒಂದು ಬ್ರೆಡ್ಡಿಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಯಜಮಾನ ಗಡಿಯಾರ ನೋಡಿ ಮತ್ತೆ ಕತ್ತರಿ ಹಿಡಿಯುತ್ತಿದ್ದ.

ಸಂಜೆ ಮಾತ್ರ ಕೈಗೆ ಹತ್ತಲಿಲ್ಲ. ಅಜ್ಜಿಗೆ ತನ್ನ ಮನೆ, ತನ್ನ ಮುದುಕ ಇದ್ದರು. ಕೋಣೆಯ ಬಾಗಿಲು ಹಾಕಿದೊಡನೆ ಗಂಟಲೂ ಹಾಕಿಕೊಳ್ಳುತ್ತಿತ್ತು. ಚೂರುಬಟ್ಟೆ ಇಲ್ಲದಿದ್ದರೆ ಹಳೆಯ ಪೇಪರು ಇತ್ತು. ಒಂದೂವರೆ ತಿಂಗಳಾದರೂ ತೂಕದ ಯಂತ್ರ ಅಲ್ಲಾಡಲಿಲ್ಲ, ನಾಡಿಯೂ ಏರಲಿಲ್ಲ.

"ಸಂಜೆ ಊಟ ಹೀಗೇ ಆದ್ರೆ ಮತ್ತೆ ಇಲ್ಲೇ ಸೇರಿಸ್ಕೋಬೇಕಾಗುತ್ತೆ" ಎಂದರು ಡಾಕ್ಟರಮ್ಮ. "ನಿಮ್ಮ ಅಕ್ಕನಿಗೆ ಹೇಳಿದ್ರಾ?"

"ಹೇಳಿದ್ರೆ ಬಂದುಬಿಡ್ತಾಳೆ."

"ಬರಬೇಡ ಅಂತಾನೂ ಹೇಳಬಹುದಲ್ಲ?"

ಇದು ಗುಂಡಕ್ಕನಿಗೆ ಹೊಳೆದೇ ಇರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಅವಳು ಅಕ್ಕನಿಗೆ ಯಾವುದನ್ನೂ ಬೇಡವೆಂದವಳಲ್ಲ.

ಆ ದಿನ ಸಂಜೆ ತಟ್ಟೆಗೆ ಮೆತ್ತಗಿನ ಅನ್ನ ಬಡಿಸಿಕೊಂಡು, ಅದು ಆರುವುದನ್ನೇ ನೋಡುತ್ತ ಕೂತಳು. ಏಳಕ್ಕೆ ಫೋನ್ ಬಂತು.

"ಊಟ ಆಯ್ತಾ?"

"ಇಲ್ಲ" ಎಂದಳು ಗುಂಡಕ್ಕ.

"ಯಾಕೆ?"

"ಹತ್ತು ತಿಂಗಳಿಂದ ಆಗ್ತಿಲ್ಲ ಅಕ್ಕ. ಸುಳ್ಳು ಹೇಳ್ತಿದ್ದೆ." ಹೇಳಬೇಕಾದದ್ದನ್ನೆಲ್ಲ ಹೇಳಿದಳು. ಅಕ್ಕ ಅಳುವುದು ಕೇಳಿಸಿತು, ಮೂಗು ಒರೆಸಿದ್ದೂ ಕೇಳಿಸಿತು.

"ನಾಳೆ ಮೊದಲ ಬಸ್ಸಿಗೆ ಬಂದೆ."

"ಬರಬೇಡ."

"ಏನಂದೆ?"

"ಬರಬೇಡ. ಬಂದ್ರೆ, ನೀನು ವಾಪಸ್ ಹೋದ ದಿನ ಮತ್ತೆ ಇದೇ ಶುರು ಆಗುತ್ತೆ. ಫೋನ್ ಮಾತ್ರ ಇಡಬೇಡ. ನಾನು ತಿಂತೀನಿ, ನೀನು ಸುಮ್ಮನೆ ಇರು."

"ಸುಮ್ಮನಿರೋದಾ? ನಾನಾ?"

"ಎಣಿಸು ಹಾಗಾದ್ರೆ. ಇಪ್ಪತ್ತು."

ಅಕ್ಕ ಎಣಿಸಿದಳು, ಮೂಗು ಕಟ್ಟಿದ ದನಿಯಲ್ಲಿ. ಮೊದಲ ತುತ್ತು ಇಳಿಯಿತು, ಎರಡನೆಯದೂ ಇಳಿಯಿತು. ನಾಲ್ಕನೆಯದಕ್ಕೆ ಕೆಮ್ಮು ಬಂತು. ಗುಂಡಕ್ಕನ ಕಣ್ಣಲ್ಲಿ ನೀರು, ಕೈ ಪೇಪರಿನ ಕಡೆ ಹೋಯಿತು. ಅಷ್ಟರಲ್ಲಿ ಫೋನಿನೊಳಗಿಂದ ಧಬ್ ಧಬ್ ಎಂದು ಸದ್ದು ಬಂತು.

"ಏನೇ ಇದು, ಅವಳು ಕೆಮ್ಮಿದ್ರೆ ನನ್ನ ಬೆನ್ನಿಗೆ ಯಾಕೆ ಗುದ್ತೀಯ?" ಎಂದು ಭಾವನ ದನಿ.

"ಹತ್ರ ಇದ್ದಿದ್ದು ನೀವೇ, ಇನ್ಯಾರಿಗೆ ಗುದ್ದಲಿ?" ಎಂದಳು ಅಕ್ಕ.

ಗುಂಡಕ್ಕನಿಗೆ ನಗು ಬಂತು. ನಗುವಿನ ಜೊತೆಗೇ ತುತ್ತು ಹೇಗೋ ಇಳಿದುಹೋಗಿತ್ತು. ಅವಳಿಗೆ ಗೊತ್ತಾದದ್ದು ಆಮೇಲೆ.

ಒಂಬತ್ತು ತುತ್ತು ಒಳಗೆ ಹೋದವು. ಹತ್ತನೆಯದು ಆಗಲಿಲ್ಲ, ಪೇಪರಿಗೇ ಹೋಯಿತು. ಅದನ್ನೂ ಅಕ್ಕನಿಗೆ ಹೇಳಿದಳು. "ನಾಳೆ ಏಳಕ್ಕೆ" ಎಂದು ಅಕ್ಕ ಫೋನ್ ಇಟ್ಟಳು. ಕೋಣೆ ಮತ್ತೆ ಮೊದಲಿನಂತೆಯೇ ಆಯಿತು. ಎರಡು ಮಂಚ, ಗೋಡೆಯಾಚೆ ಪಕ್ಕದ ಮನೆಯ ಟೀವಿ. ಗುಂಡಕ್ಕ ಎದ್ದು ಉಳಿದ ಅನ್ನ ಮುಚ್ಚಿಟ್ಟಳು. ನಲ್ಲಿ ತಿರುಗಿಸಿ, ತಟ್ಟೆಗೆ ಅಂಟಿದ್ದ ಅಗುಳನ್ನು ಉಜ್ಜಿ ತೊಳೆದು, ಒರೆಸಿ, ಇನ್ನೊಂದು ತಟ್ಟೆಯ ಮೇಲೆ ಬೋರಲು ಹಾಕಿದಳು.