ದೊರೆಸಾನಿಯಮ್ಮನ ಪುದೀನ

ಮೊನ್ನೆ ಚಟ್ನಿಗೆಂದು ಪುದೀನ ಬಿಡಿಸುತ್ತಿದ್ದೆ. ಬೆರಳಿಗೆ ಅಂಟಿದ ವಾಸನೆಗೆ ಕೈ ನಿಂತುಹೋಯಿತು. ಏನಾಯಿತೆಂದು ಸೊಸೆ ಕೇಳಿದಳು. ದೊರೆಸಾನಿಯಮ್ಮ ನೆನಪಾಗಿದ್ದರು.

ಸೊರಬದಿಂದ ಮದುವೆಯಾಗಿ ನಾನು ಶಿಕಾರಿಪುರಕ್ಕೆ ಬಂದದ್ದು ಐವತ್ತರ ದಶಕದ ಕೊನೆಯಲ್ಲಿ. ಪಕ್ಕದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅವರಿದ್ದರು. ಇಂಗ್ಲೆಂಡಿನವರು. ಘಟ್ಟದ ಕೆಳಗೆಲ್ಲೋ ದಾದಿಯಾಗಿ ದುಡಿದು ನಿವೃತ್ತರಾಗಿದ್ದರು, ಕನ್ನಡ ಚೆನ್ನಾಗಿ ಬರುತ್ತಿತ್ತು. ಬರುವ ಪಿಂಚಣಿಯಲ್ಲಿ ಅವರ ದೇಶದಲ್ಲಿ ಬದುಕು ಸಾಗದೆಂದು ಇಲ್ಲೇ ಉಳಿದುಕೊಂಡಿದ್ದರು. ಜೊತೆಗೆ ದುಡಿದವರು ಬಂದು, ವಯಸ್ಸಾದವರಿಗಾಗಿ ನಡೆಸುತ್ತಿದ್ದ ಮನೆಗೆ ಕರೆದರೂ ಹೋಗಲಿಲ್ಲ. ಯಾರ ಹಂಗೂ ಬೇಡ ಎಂಬುದು ಅವರ ಹಟ. ಹಳೆಯ ಪರದೆ ಕತ್ತರಿಸಿ ಗೌನಿಗೆ ತೇಪೆ ಹಾಕುತ್ತಿದ್ದರು. ಬಾಯಿ ಒಡೆದ ಮಡಕೆಯಲ್ಲಿ ಪುದೀನ ಬೆಳೆಸಿದ್ದರು.

ಯುಗಾದಿಗೆ ನಮ್ಮತ್ತೆ ಹಿತ್ತಾಳೆ ಡಬ್ಬಿಯಲ್ಲಿ ಅವರಿಗೆ ಹೋಳಿಗೆ ಕಳಿಸಿದರು. ಮರುದಿನ ಡಬ್ಬಿ ಬಂತು. ಹುಣಸೆಹಣ್ಣು ಹಾಕಿ ಫಳಫಳ ತಿಕ್ಕಿದ್ದರು, ಒಳಗೆ ಮಾತ್ರ ಏನೂ ಇಲ್ಲ. ಎರಡನೆಯ ಸಲವೂ ಹಾಗೇ. ಕೊಟ್ಟವರ ಪಾತ್ರೆಯನ್ನು ಯಾರಾದರೂ ಬರಿದು ಮಾಡಿ ಕೊಡುತ್ತಾರೆಯೇ? ಒಂದು ಚಿಟಿಕೆ ಸಕ್ಕರೆಯಾದರೂ ಹಾಕುವುದು ನಮ್ಮ ರೂಢಿ. ನನಗೆ ಆಗ ಮೂಗಿನ ತುದಿಯಲ್ಲೇ ಸಿಟ್ಟು. ಡಬ್ಬಿ ತಂದವರಿಗೆ ಬಾಗಿಲಲ್ಲೇ ಅಂದುಬಿಟ್ಟೆ:

"ಅಮ್ಮಾರೇ, ಬರೇ ಡಬ್ಬಿ ಕೊಡಬಾರ್ದುರೀ. ಸಕ್ಕರೆನಾದ್ರೂ ಹಾಕ್ಬೇಕು."

ಅವರ ಮುಖ ಕೆಂಪಾಯಿತು. "ತೊಳೆದು ಕೊಟ್ಟರೆ ಸಾಕು ಅಂದ್ಕೊಂಡಿದ್ದೆ ಕಣಮ್ಮ," ಎಂದವರೇ ನನ್ನ ಕೈಯಿಂದ ಡಬ್ಬಿ ಕಿತ್ತುಕೊಂಡು ಹೋದರು. ಪುದೀನ ತುಂಬಿಕೊಂಡು ಬಂದರು. ಚಹಾವನ್ನೂ ಸಕ್ಕರೆ ಇಲ್ಲದೆ ಕುಡಿಯುತ್ತಿದ್ದ ಮನೆ ಅದೆಂದು ನನಗೆ ತಿಳಿದದ್ದು ಆಮೇಲೆ. ಇವತ್ತಿಗೂ ನಾಚಿಕೆಯಾಗುತ್ತದೆ.

ಆಮೇಲೆ ಒಂದು ಸಲವೂ ಡಬ್ಬಿ ಬರಿದಾಗಿ ಬರಲಿಲ್ಲ. ಬೇಸಗೆಯಲ್ಲಿ ಮುಖ ತೊಳೆದ ನೀರನ್ನೇ ಮಡಕೆಗೆ ಹೊಯ್ದು ಗಿಡ ಉಳಿಸಿಕೊಂಡರು. ಒಮ್ಮೆ ಯಾರದೋ ಆಡು ಬಂದು ಬುಡದವರೆಗೆ ಮೇಯ್ದುಬಿಟ್ಟಿತು. ವಾರ ಕಳೆದರೂ ಡಬ್ಬಿಯ ಸುಳಿವಿಲ್ಲ. ಅತ್ತೆ ಬೇಲಿಯಿಂದಲೇ ಕೂಗಿದರು, "ಬರೇ ಡಬ್ಬಿನೇ ಕೊಡ್ರಿ ಸಾಕು, ಅದೇನು ಹಟಾರೀ ನಿಮ್ದು!"

"ಚಿಗುರಲಿ, ಕೊಡ್ತೀನಿ," ಎಂದರು ಅವರು. ಚಿಗುರಿದ ಮೇಲೆಯೇ ಕೊಟ್ಟರು.

ಮುಂದಿನ ಮಳೆಗಾಲದಲ್ಲಿ ಅವರು ಜ್ವರ ಬಂದು ಮಲಗಿದರು. ಅದೇ ಡಬ್ಬಿಯಲ್ಲಿ ನಾನು ಗಂಜಿ ಕೊಟ್ಟು ಬಂದೆ. ಮಾರನೆಯ ಬೆಳಿಗ್ಗೆ ಹೋಗಿ ನೋಡಿದರೆ ಉಸಿರು ನಿಂತಿತ್ತು. ಕಿಟಕಿಯಲ್ಲಿ ಡಬ್ಬಿ ಇತ್ತು, ಫಳಫಳ ತಿಕ್ಕಿದ್ದು. ಮುಚ್ಚಳ ತೆಗೆದೆ. ನೀರು ಚಿಮುಕಿಸಿದ ಪುದೀನ... ಎದ್ದು ನಿಲ್ಲಲಾಗದವರು ಯಾವಾಗ ಹೋಗಿ ಕಿತ್ತರೋ. ನಾನು ಅಲ್ಲೇ ಕೂತು ಅತ್ತುಬಿಟ್ಟೆ.

ಅದರ ಕಡ್ಡಿಗಳನ್ನು ಹಿತ್ತಲಲ್ಲಿ ಊರಿದೆ. ನಾನು ಮೊನ್ನೆ ಬಿಡಿಸಿದ್ದು ಅದರ ಸಂತತಿಯನ್ನೇ. ಆ ಡಬ್ಬಿಯೂ ನನ್ನ ಅಡುಗೆಮನೆಯಲ್ಲಿದೆ. ಅವರು ತುಂಬಿಯೇ ಕೊಟ್ಟು ಹೋದರು. ಮತ್ತೆ ತುಂಬಿ ಕಳಿಸುವ ಸರದಿ ನಮ್ಮದು. ಕಳಿಸಲು ಪಕ್ಕದ ಮನೆಯಲ್ಲಿ ಅವರಿಲ್ಲ.